ಐದೂವರೆಯ ಉದ್ಘಾಟನೆ

ಕುರ್ಚಿಯ ಕಾಲು ನೆಲಕ್ಕೆ ಉಜ್ಜುವ ಸದ್ದು, ಮತ್ತೊಂದು, ಆಮೇಲೆ ನಾಲ್ಕೈದು ಒಟ್ಟಿಗೆ, ಯಾಕೆ ಏಳುತ್ತಿದ್ದಾರೆ ಇವರೆಲ್ಲ, ಹೆಡ್‌ಮಾಸ್ಟರರ ಭಾಷಣ ಮುಗಿದು ಎರಡು ನಿಮಿಷವೂ ಆಗಿಲ್ಲ, ನೋಡಬೇಕಾದದ್ದು ಇನ್ನು ತಾನೇ, ಶಾಲೆಯ ಗೋಡೆಯುದ್ದಕ್ಕೂ ನಾನು ಕೆತ್ತಿದ ಹನ್ನೊಂದು ಕಲ್ಲುಗಳು ನಿಂತಿವೆ, ಹುಲ್ಲು ಸುತ್ತಿ ಲಾರಿಯಲ್ಲಿ ಮದ್ರಾಸಿನಿಂದ ತಂದವು — ಬರ್ತೇವೆ ವರ್ಧಮಾನ, ಹೊತ್ತು ಕಂತುವ ಮೊದಲು ಊಟ ಆಗಬೇಕಲ್ಲ, ಎಂದರು ಜವುಳಿ ಅಂಗಡಿಯ ವೀರರಾಜಣ್ಣ, ಆಗ ನನಗೆ ಕಿವಿಯವರೆಗೆ ಬಿಸಿಯಾಯಿತು. ಆಮಂತ್ರಣದಲ್ಲಿ ಸಂಜೆ ಐದೂವರೆ ಎಂದು ಅಚ್ಚು ಹಾಕಿಸಿದವನು ನಾನೇ. ಮಾಗಿಯ ದಿನದಲ್ಲಿ, ಮೂಡುಬಿದಿರೆಯ ಜೈನರನ್ನು, ಐದೂವರೆಗೆ. ಸೂರ್ಯ ಮುಳುಗಿದ ಮೇಲೆ ಹನಿ ನೀರೂ ಮುಟ್ಟದ ಮನೆಯಲ್ಲಿ ಹುಟ್ಟಿದವನು, ಹನ್ನೆರಡು ವರ್ಷ ಮದ್ರಾಸಿನಲ್ಲಿ ರಾತ್ರಿ ಒಂಬತ್ತಕ್ಕೆ ಹೋಟೆಲಿನ ಬೆಂಚಿನಲ್ಲಿ ಉಂಡು ಉಂಡು, ಇದನ್ನು ಮರೆಯಲು ಸಾಧ್ಯವೆಂದು ಕೂಡ ತಿಳಿಯದೆ ಮರೆತಿದ್ದೇನೆ. ಅಲ್ಲ ಮಾರಾಯ, ಒಂದಕ್ಕಾದರೂ ಮೂಗು ಇಡಬಾರದಿತ್ತಾ, ನೆಗಡಿಯಾದರೂ ಆಗ್ತಿತ್ತು, ಎಂದರು ವೀರರಾಜಣ್ಣ ಹೋಗುತ್ತ ಹೋಗುತ್ತ, ಯಾರೋ ನಕ್ಕರು, ಏಳನೆಯ ಕಲ್ಲಿನ ಗುಳಿಗೆ ಬಗ್ಗಿ ನೋಡಿದ ಇನ್ನೊಬ್ಬರು, ಕಡೆಯುವ ಕಲ್ಲು ಸರಿ, ಅರೆಯುವ ಗುಂಡು ಎಲ್ಲಿ ಉಂಟು ಎಂದರು, ನಾನೂ ನಕ್ಕೆ, ಯಾಕೆ ನಕ್ಕೆನೋ. ಬಿ.ಎ. ಮಾಡಿ ಕಲ್ಲು ಕುಟ್ಟಲು ಹೋದವ, ಎಂದು ಹಿಂದೆ ಹೇಳುತ್ತಿದ್ದವರೂ ಇವರೇ, ಇವತ್ತು ಕೈ ಮುಗಿದು ಹೋದರು, ಕೈ ಮುಗಿದದ್ದು ಹೆಚ್ಚು ನೋಯುತ್ತದೆ.

ಖಾಲಿ ಕುರ್ಚಿಗಳು, ಅವುಗಳ ನೆರಳು ಕಲ್ಲುಗಳ ಬುಡದವರೆಗೆ ಚಾಚಿದೆ, ಶಾಲೆಯ ಜವಾನ ಡೊಂಬಯ್ಯ ಕುರ್ಚಿ ಒಂದರೊಳಗೊಂದು ಸೇರಿಸುತ್ತಿದ್ದಾನೆ, ಬಾಗಿಲು ಹಾಕುವುದಾ ಧಣಿ ಎನ್ನುತ್ತಾನೆ, ಇರಲಿ ಡೊಂಬಯ್ಯ, ಒಬ್ಬರು ಬರಲಿಕ್ಕುಂಟು. ಬರುತ್ತಾಳೋ ಇಲ್ಲವೋ, ಕಾರ್ಡಿನಲ್ಲಿ ಬರ್ತೇನೆ ಎಂದಷ್ಟೇ ಬರೆದಿದ್ದಾಳೆ ಅಕ್ಕ, ಅನಂತಮತಿ, ಅಮ್ಮ ಸತ್ತ ಮೇಲೆ ನನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು, ಹದಿನೈದಕ್ಕೆ ಮುಂಡಾಜೆಗೆ ಮದುವೆಯಾಗಿ ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು, ಕಿವಿ ಕೇಳದ ಅತ್ತೆಯ ಜೊತೆ ಉಳಿದುಹೋದವಳು. ಕಾಲೇಜಿನ ರಜೆಯಲ್ಲಿ ಒಮ್ಮೆ ಅಲ್ಲಿಗೆ ಹೋಗಿದ್ದೆ, ಹೊತ್ತು ಕಂತುವ ಮೊದಲೇ ಊಟ ಮುಗಿಸಿ ಅವಳು ಹಿಂದಿನ ಜಗಲಿಯಲ್ಲಿ ಕೂತಿದ್ದಾಳೆ, ಬೆನ್ನು ಸ್ವಲ್ಪ ಬಾಗಿ, ಮಡಿಲು ಖಾಲಿ, ಮಾತಾಡಲು ಯಾರೂ ಇಲ್ಲ, ಕತ್ತಲಾಗುವವರೆಗೆ ಹಾಗೆಯೇ — ಆ ಬೆನ್ನು, ಆ ಮಡಿಲಿನ ಗುಳಿ, ಅದೇ ಏಳನೆಯ ಕಲ್ಲು, ಹೆಸರಿಡಲು ಧೈರ್ಯವಾಗದೆ ಅಂಕಿ ಮಾತ್ರ ಇಟ್ಟದ್ದು. ಊರು ನೋಡದಿದ್ದರೆ ಬೇಡ. ಅವಳು ಅದರ ಮುಂದೆ ನಿಂತು, ಇದು ನಾನಲ್ಲವಾ ಎಂದು ಕೇಳಿದರೆ ಸಾಕು, ಇಷ್ಟು ವರ್ಷ ಕುಟ್ಟಿದ್ದು ಸಾಕು.

ಬೆಳ್ತಂಗಡಿಯಲ್ಲಿ ಬಸ್ಸೇ ಇಲ್ಲ ಮಾರಾಯ, ಎರಡು ಗಂಟೆ ನಿಂತೆ, ಎಲ್ಲ ಹೋದರಾ? ಬಾಗಿಲಲ್ಲಿ ಅಕ್ಕ, ಬಿಳಿ ಸೀರೆಗೆ ರಸ್ತೆಯ ಕೆಂಪು ಧೂಳು. ಹೋದರು ಅಕ್ಕ, ನೀನು ಮೊದಲು ಊಟ ಮಾಡಿ ಬಾ, ವಿಮಲಾ ಚಿಕ್ಕಮ್ಮನ ಮನೆಯಲ್ಲಿ ಕಾಯ್ತಿದ್ದಾರೆ. ಹೋಗುವ, ಹೋಗುವ, ನೋಡಿ ಹೋಗುವ. ಒಂದನೆಯದು, ಎರಡನೆಯದು, ಬಸದಿಯಲ್ಲಿ ನಿಲ್ಲುವ ಹಾಗೆ ಪ್ರತಿಯೊಂದರ ಮುಂದೂ ನಿಲ್ಲುತ್ತಾಳೆ, ಕಿಟಕಿಯ ಬಿಸಿಲು ಕೆಂಪಾಗುತ್ತಿದೆ, ಅಮ್ಮಾ, ಹೊತ್ತು ಕಂತುತ್ತದೆ, ಊಟ ತಪ್ಪಿದರೆ ನಾಳೆ ಬೆಳಿಗ್ಗೆಯವರೆಗೆ ಉಪವಾಸ, ಎಂದು ಡೊಂಬಯ್ಯ ನೆನಪಿಸುತ್ತಾನೆ, ಗೊತ್ತುಂಟು ಡೊಂಬಯ್ಯ. ಆರನೆಯದು. ಏಳನೆಯದರ ಮುಂದೆ ನಿಂತಳು. ಸುತ್ತ ಒಮ್ಮೆ ಬಂದಳು. ಗುಳಿಯೊಳಗೆ ಅಂಗೈ ಇಟ್ಟಳು, ಮಗುವಿನ ಜ್ವರ ನೋಡುವ ಹಾಗೆ, ಇಟ್ಟ ಕೈ ತೆಗೆಯಲಿಲ್ಲ, ಕೇಳುತ್ತಾಳೆ, ಈಗ ಕೇಳುತ್ತಾಳೆ. ಇದಕ್ಕೆ ಎಷ್ಟು ದಿನ ಹಿಡಿಯಿತು? ಎರಡು ವರ್ಷ. ಎರಡು ವರ್ಷ ಅಲ್ಲಿ ಒಬ್ಬನೇ ಇದ್ದಿಯಾ?

ಹೌದೆಂದೆನೋ, ಇಲ್ಲವೆಂದೆನೋ. ಅಕ್ಕ, ಇದು ನೀನು ಎನ್ನಬೇಕಿತ್ತು, ಕಿಟಕಿ ಬೂದಿಬಣ್ಣವಾಯಿತು, ಹೊತ್ತು ಕಂತಿತು, ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಕೈ ಅಲ್ಲೇ ಇತ್ತು. ಬೆಳಿಗ್ಗೆ ಮುಂಡಾಜೆಯಲ್ಲಿ ಉಂಡು ಹೊರಟವಳು, ಇನ್ನು ನಾಳೆ ಸೂರ್ಯ ಕಾಣುವವರೆಗೆ ನೀರಿಲ್ಲ. ಹಸಿವಾಗುವುದಿಲ್ಲವಾ ಅಕ್ಕ? ನನಗೆ ಅಭ್ಯಾಸ ಉಂಟು, ನೀನು ಉಣ್ಣು, ಅಲ್ಲಿ ರಾತ್ರಿಯೇ ಅಲ್ಲವಾ ನಿನ್ನ ಊಟ, ಎಂದಳು, ಬೈಗುಳವಲ್ಲ, ಬರೀ ಹೇಳಿದ್ದು, ಯಾರು ಹೇಳಿದರು ಇವಳಿಗೆ. ಡೊಂಬಯ್ಯ ಲಾಟೀನು ಹಿಡಿದು ಅವಳನ್ನು ಚಿಕ್ಕಮ್ಮನ ಮನೆಗೆ ಬಿಡಲು ಹೋದ. ನನಗೆ ಉಣ್ಣಲಾಗುವುದಿಲ್ಲ ಇವತ್ತು. ಅವಳು ತನ್ನನ್ನು ಕಾಣಲಿ ಎಂದು ಮಾಡಿದ ಕಲ್ಲು, ಅವಳು ಕಂಡದ್ದು ಮಾತ್ರ ನನ್ನನ್ನು — ಅದನ್ನು ಯೋಚಿಸಲಾರೆ, ಬಾಗಿಲು ಹಾಕಬೇಕು, ದೀಪ ಬೇಕು, ನಾಳೆ ಹತ್ತು ಗಂಟೆಗೆ ಎಂದು ಬೋರ್ಡು ಬರೆಯಬೇಕು, ಗುಳಿಯಲ್ಲಿ ಅಂಗೈ, ಲಾರಿಯವನಿಗೆ ಹೇಳಿ ಕಳಿಸಬೇಕು, ಅಂಗೈ, ಬೆರಳು ಸ್ವಲ್ಪ ಅಗಲಿಸಿ, ಕಪ್ಪು ಕಲ್ಲಿನ ಮೇಲೆ ಬೆಳ್ಳಗೆ, ಕಿಟಕಿಯ ಬೆಳಕು ಹೋಗುತ್ತಿದ್ದರೂ ತೆಗೆಯದ ಅಂಗೈ, ಆ ಅಂಗೈ, ಹನ್ನೆರಡನೆಯ ಕಲ್ಲು —