ಬಂಗಲೆಯ ಕಡೆಯಿಂದ ಬಲಕ್ಕೆ

ಆ ಹಳೆಯ ಬಂಗಲೆಯ ತೋಟದ ನಾಮಫಲಕಗಳನ್ನು ಬರೆದವಳು ನಾನು. ಬಾಯಿ ತಪ್ಪಿ ಹೇಳಿದ್ದಕ್ಕೆ ಅತ್ತಿಗೆ ಭಾನುವಾರ ಟಿಕೆಟ್ ತೆಗೆಸಿ ಎಳೆದುಕೊಂಡು ಹೋದಳು. ಹಡಗಿನ ಕಾಲದಲ್ಲಿ ದೂರದ ದ್ವೀಪಗಳಿಂದ ತಂದ ಗಿಡಗಳನ್ನೆಲ್ಲ ಬಿಟ್ಟು, ಅವಳು ಫಲಕಗಳ ಫೋಟೋ ತೆಗೆಯುತ್ತಿದ್ದಳು.

"ಅಕ್ಷರ ಎಷ್ಟು ದುಂಡಗಿದೆ ಕಣೇ! ಇದನ್ನ ಮಣ್ಣಲ್ಲಿ ನೆಟ್ಟವರು ಯಾರು?"

"ನಾನೇ. ಹೋದ ವಾರ ಆಳು ಸಾಲದು ಅಂತ ಒಂದು ಪಾತಿ ನನಗೆ ಬಿಟ್ರು."

ಅದೇ ಪಾತಿಯ ಮುಂದೆ ನಾನು ನಿಂತುಬಿಟ್ಟೆ. ಒಂದು ಪೊದೆಗೆ ಕೆಂಪು ಪಟ್ಟಿ ಕಟ್ಟಿತ್ತು. ಬೇರು ಕೊಳೆತ ಗಿಡದ ಹೆಸರನ್ನು ಕಚೇರಿಯವರು ಬರೆದು ಕೊಡುತ್ತಾರೆ. ಆಳುಗಳು ಫಲಕ ನೋಡಿ ಪಟ್ಟಿ ಕಟ್ಟುತ್ತಾರೆ. ಸೋಮವಾರ ಬೆಳಿಗ್ಗೆ ಕಿತ್ತು ಸುಡುತ್ತಾರೆ. ಹೂವಿಲ್ಲದ ಕಾಲದಲ್ಲಿ ಆ ಸಾಲಿನ ಪೊದೆಗಳೆಲ್ಲ ಒಂದೇ ಅಚ್ಚು.

"ಎಲೆಯ ಬೆನ್ನು ನೋಡದೆ ಹೆಸರು ಹೇಳಬೇಡಿ" ಎನ್ನುತ್ತಿದ್ದರು ನಾನು ಗಿಡಗಳ ಬಗ್ಗೆ ಕಲಿತ ಸಂಜೆ ತರಗತಿಯ ಮೇಷ್ಟ್ರು. ಹಗ್ಗದಾಚೆ ಬಾಗಿ ಎಲೆ ಮಗುಚಿದೆ. ಬೆಳ್ಳಿ ಬಣ್ಣದ ನವಿರು. ಮತ್ತೊಂದು ಎಲೆ, ಇನ್ನೊಂದು. ಎಲ್ಲಕ್ಕೂ ಅದೇ. ಈ ಸಾಲಿನಲ್ಲಿ ಬೆಳ್ಳಿ ನವಿರು ಇರುವುದು, 'ಈ ತೋಟದಲ್ಲಿ ಒಂದೇ ಒಂದು' ಎಂದು ನಾನೇ ಫಲಕದಲ್ಲಿ ಬರೆದಿದ್ದ ಗಿಡಕ್ಕೆ ಮಾತ್ರ. ಆ ಫಲಕ ಈಗ ಒಂದು ಪಕ್ಕದ ಪೊದೆಯದಾಗಿತ್ತು.

ಇಲ್ಲಿ ಫಲಕ ಗಿಡದ ಬಲಕ್ಕಿರಬೇಕು, ಬಂಗಲೆಯ ಕಡೆಯಿಂದ ನೋಡುವವರ ಬಲಕ್ಕೆ. ನಾನು ತಳ್ಳುಗಾಡಿ ಇಟ್ಟುಕೊಂಡು ಅದರ ಎದುರು ಬದಿ, ಗೇಟಿನ ಕಡೆ ನಿಂತಿದ್ದೆ. ನನ್ನ ಬಲಕ್ಕೆ ನೆಟ್ಟಿದ್ದೆ. ಇಡೀ ಸಾಲಿನ ಹೆಸರು ಒಂದೊಂದು ಗಿಡ ಜರುಗಿತ್ತು.

"ಸುಮ್ನೆ ಬಾ" ಎಂದಳು ಅತ್ತಿಗೆ. "ನೀನಾಗೇ ಹೋಗಿ ಹೇಳಿದ್ರೆ ಇರೋ ಕೆಲಸಕ್ಕೂ ಕಲ್ಲು. ಅಷ್ಟಕ್ಕೂ ನಿನಗೆ ಗ್ಯಾರಂಟಿನಾ?"

ಗ್ಯಾರಂಟಿ ಇರಲಿಲ್ಲ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬುದೇ ನನಗೆ ಗ್ಯಾರಂಟಿ ಇರುವುದಿಲ್ಲ. ಆದರೂ ಕುಂಡಗಳ ಶೆಡ್ಡಿಗೆ ಹೋದೆ. ಎಲ್ಲರೂ ದೊಡ್ಡಪ್ಪ ಎಂದು ಕರೆಯುವ ಮುಖ್ಯ ಮಾಲಿ ಅಲ್ಲಿದ್ದರು. ಹೇಳುವಾಗ ನಾಲಿಗೆ ಎರಡು ಸಲ ತೊಡರಿತು.

ಅವರು ಬಂದು, ಎಲೆ ಮಗುಚಿ, ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಕೆಂಪು ಪಟ್ಟಿ ಬಿಚ್ಚಿ ಇನ್ನೊಂದು ಪಕ್ಕದ, ನಿಜವಾಗಿ ಬೇರು ಕೊಳೆತ ಪೊದೆಗೆ ಕಟ್ಟಿದರು.

"ಇದು ಹೂ ಬಿಟ್ಟಿದ್ದನ್ನ ನಾನು ಎರಡೇ ಸಲ ನೋಡಿರೋದು ತಾಯಿ. ನಾಳೆ ಬೂದಿ ಆಗ್ತಿತ್ತು."

"ತಪ್ಪಾಯ್ತು ದೊಡ್ಡಪ್ಪ."

"ಆಯ್ತಲ್ಲ. ಎಷ್ಟು ಫಲಕ?"

"ಹದಿನಾಲ್ಕು."

"ಕಿತ್ತು ಸರಿಯಾಗಿ ನೆಡು, ನಾನು ನಿಂತು ನೋಡ್ತೀನಿ. ಇನ್ಮೇಲೆ ಬರೆಯೋದಷ್ಟೇ ನಿನ್ನ ಕೆಲಸ. ನೆಡೋದು ನಮ್ಮದು."

"ಟಿಕೆಟ್ ತಗೊಂಡು ಬಂದು ಕೂಲಿ ಮಾಡೋರು ನಾವೇ ಇರಬೇಕು" ಎನ್ನುತ್ತಲೇ ಅತ್ತಿಗೆ ಸೆರಗು ಸಿಕ್ಕಿಸಿ ಫಲಕಗಳ ಮಣ್ಣು ಒರೆಸಿ ಕೊಟ್ಟಳು.

ಮುಗಿದ ಮೇಲೆ ಬಂಗಲೆಯ ಕಡೆ ನಿಂತು ಸಾಲನ್ನು ಓದಿದೆ. ಎಲ್ಲ ಸರಿ ಇತ್ತು. ಗೇಟಿನ ತನಕ ಹೋದವಳು ತಿರುಗಿ ಬಂದು ಇನ್ನೊಂದು ಎಲೆ ಮಗುಚಿದೆ.

"ಇನ್ನೂ ಬೆಳ್ಳಗೇ ಇದೆಯಾ?" ದೊಡ್ಡಪ್ಪ ಶೆಡ್ಡಿನಿಂದ ಕೂಗಿದರು.

ಬೆಳ್ಳಗೇ ಇತ್ತು.