ನಾಲ್ಕನೆಯ ಸಾಲಿನ ಉಸಿರು

ಏಳನೆಯ ಸಲ ಬರೆದ ‘ಉಸಿರು’ ಕೂಡ ಸತ್ತವರ ಕೈಬರಹದಂತೆ ಕಾಣಲಿಲ್ಲ. ‘ರು’ ಪರವಾಗಿಲ್ಲ, ಮೇಷ್ಟ್ರು ಅದರ ಕೊಂಬನ್ನು ಬಾಲ ಸುತ್ತಿಕೊಂಡು ಮಲಗಿದ ಬೆಕ್ಕಿನ ಹಾಗೆ ಮುಗಿಸುತ್ತಿದ್ದರು, ಅದು ಬಂದಿತ್ತು. ‘ಉ’ ದಪ್ಪವಾಗಿತ್ತು. ಅಭ್ಯಾಸದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿ, ಪೆನ್ಸಿಲ್ಲಿನ ಮೊನೆಯನ್ನು ರಟ್ಟಿಗೆ ಉಜ್ಜಿ ಮೊಂಡು ಮಾಡಿದೆ. ಅವರು ಪೆನ್ಸಿಲ್ ಚೂಪು ಮಾಡಿಕೊಂಡದ್ದನ್ನು ಮೂವತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಆಮೇಲೆ ನಿಜವಾದ ಹಾಳೆಯನ್ನು ಎಳೆದುಕೊಂಡು, ನಾಲ್ಕನೆಯ ಸಾಲಿನ ಕೊನೆಯಲ್ಲಿ ಒಂದೇ ಏಟಿಗೆ ಬರೆದೆ: ‘ಇಲ್ಲಿ ಉಸಿರು. ಮಗಳು ಬಂದಳು.’ ಕೆಳಗೆ ಅವಳು ಹುಟ್ಟಿದ ತಾರೀಖು ಹಾಕಿದೆ. ಅದರಲ್ಲಿ ತಾರೀಖೊಂದೇ ನಿಜ.

ಬಾಗಿಲು ತಟ್ಟಿದ ಸದ್ದಾಯಿತು. “ಅತ್ತೆ, ಬರ್ಲಾ?”

ಮೇಷ್ಟ್ರ ಮಗಳು. ಕಂಕುಳಲ್ಲಿ ಅಪ್ಪನ ಕ್ಲಾರಿನೆಟ್ ಪೆಟ್ಟಿಗೆ.

ನಗರದ ಸಿಂಫನಿ ಆರ್ಕೆಸ್ಟ್ರಾದಲ್ಲಿ ನಾನು ನುಡಿಸುವವಳಲ್ಲ. ಸಭಾಂಗಣದ ನೆಲಮಾಳಿಗೆಯಲ್ಲಿ ಕೂತು ಎಪ್ಪತ್ತು ವಾದಕರ ಸ್ವರಹಾಳೆಗಳನ್ನು ಕಾಯುವವಳು. ಹರಿದದ್ದಕ್ಕೆ ಪಟ್ಟಿ ಅಂಟಿಸುತ್ತೇನೆ. ಕಾರ್ಯಕ್ರಮದ ಪುಸ್ತಿಕೆಗೆ ‘ಈ ಸಂಗೀತದ ಹಿಂದಿನ ಕಥೆ’ ಅಂತ ಎರಡು ಪುಟ ಬರೆಯುತ್ತೇನೆ. ಮತ್ತೆ, ಅಳಿಸುತ್ತೇನೆ. ಬಾಡಿಗೆಗೆ ತಂದ ಹಾಳೆಗಳನ್ನು ಹಿಂದಿರುಗಿಸುವ ಮೊದಲು ವಾದಕರು ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನೆಲ್ಲ ತೆಗೆದು ಕೊಡಬೇಕು, ಅದು ಕರಾರು. ಹಾಗಾಗಿ ನನ್ನ ಹೆಸರು ರಬ್ಬರಮ್ಮ. ಇಟ್ಟವರು ಮೇಷ್ಟ್ರೇ.

ನಮ್ಮ ಸ್ವಂತ ಹಾಳೆಗಳನ್ನು ಮಾತ್ರ ಮುಟ್ಟುವಂತಿಲ್ಲ. ಅವುಗಳ ಅಂಚಿನಲ್ಲಿ ತಲೆಮಾರುಗಳ ಬರಹವಿರುತ್ತದೆ: ಎಲ್ಲಿ ಮೆಲ್ಲಗೆ, ಎಲ್ಲಿ ಜೋರು, ‘ನಿರ್ದೇಶಕರ ಕೈ ನೋಡಬೇಡ, ದಾರಿ ತಪ್ಪುತ್ತೀಯ’. ಆರ್ಕೆಸ್ಟ್ರಾದ ಅರ್ಧ ಜನಕ್ಕೆ ಪಾಠ ಹೇಳಿ ಮೇಷ್ಟ್ರು ಎನಿಸಿಕೊಂಡ ಆ ಕ್ಲಾರಿನೆಟ್ ವಾದಕರಂತೂ ಅಂಚಿನಲ್ಲಿ ದಿನಚರಿಯನ್ನೇ ಬರೆಯುತ್ತಿದ್ದರು.

ನಮ್ಮಲ್ಲಿ ಬಂದರಿನ ಗುಮಾಸ್ತನೊಬ್ಬ ಬರೆದ ಸಿಂಫನಿಯಿದೆ. ಆತ ಜನ್ಮದಲ್ಲಿ ಬರೆದದ್ದು ಅದೊಂದೇ. ಅದರ ಎರಡನೆಯ ಭಾಗದಲ್ಲಿ ಉಳಿದವರೆಲ್ಲ ಸುಮ್ಮನಾಗಿ, ಕ್ಲಾರಿನೆಟ್ ಒಂದೇ ಐದು ಸಾಲು ನುಡಿಯುತ್ತದೆ. ಹಡಗು ಹತ್ತುತ್ತಿದ್ದ ತಂಗಿಯನ್ನು ಗುಮಾಸ್ತ ಕಚೇರಿಯ ಕಿಟಕಿಯಿಂದ ಕಂಡನಂತೆ, ಕೈಯಲ್ಲಿದ್ದ ಮೊಹರು ಬಿಟ್ಟು ಕೆಳಗಿಳಿದು ಹೋಗಲಿಲ್ಲವಂತೆ. ಆ ಐದು ಸಾಲು ಅದಕ್ಕಾಗಿಯಂತೆ. ಪುಸ್ತಿಕೆಯಲ್ಲಿ ಹಾಗೆಂದು ಬರೆದವಳು ನಾನು. ಮೇಷ್ಟ್ರು ತಮ್ಮ ಹಾಳೆಯ ಅಂಚಿನಲ್ಲಿ ಉತ್ತರ ಬರೆದಿದ್ದರು: ‘ರಬ್ಬರಮ್ಮನ ಕಥೆ ಚೆಂದ. ಆದರೆ ಐದು ಸಾಲು ಅಳೋದಕ್ಕೆ ಉಸಿರು ತಂಗಿ ಕೊಡ್ತಾಳಾ?’

ಇದೇ ಸಿಂಫನಿ ನುಡಿಸುತ್ತಿದ್ದ ಸಂಜೆ ಮಗಳು ಹುಟ್ಟಿದ್ದಳು. ಐದು ಸಾಲಿನ ನಡುವೆ ತಾವು ಒಮ್ಮೆ ಮಾತ್ರ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮೇಷ್ಟ್ರು ಅದನ್ನು ಬರೆದಿಟ್ಟರು. ಮಗಳಿಗೆ ತೋರಿಸಲಿಲ್ಲ. “ನನ್ನ ಕುರ್ಚೀಲಿ ಕೂರೋ ದಿನ ನೀನೇ ನೋಡ್ಕೋ” ಎನ್ನುತ್ತಿದ್ದರು.

ಆರು ತಿಂಗಳ ಹಿಂದೆ ಅವರು ಹೋದರು. ಆ ದಿನ ಎಲ್ಲರೂ ಮನೆಗೆ ಹೋಗಿ ಮುಖ ನೋಡಿ ಬಂದರು, ನಾನು ಹೋಗಲಿಲ್ಲ. ತುರ್ತಾಗಿ ಕಳಿಸಬೇಕಾದ ಹಾಳೆಗಳಿವೆ ಎಂದೆ. ಇದ್ದದ್ದೂ ಹೌದು. ಮೇಜಿನ ಮೇಲೆ ಎರಡು ಕಟ್ಟು: ಒಂದು ಬಾಡಿಗೆಯದು, ಇನ್ನೊಂದು ಪಟ್ಟಿ ಅಂಟಿಸಲು ತೆಗೆದಿಟ್ಟಿದ್ದ ಗುಮಾಸ್ತನ ಸಿಂಫನಿ. ಎರಡಕ್ಕೂ ಕಂದು ರಟ್ಟು. ಕಣ್ಣು ಮಂಜಾಗಿತ್ತು, ಕೈ ತನ್ನ ಪಾಡಿಗೆ ತಾನು ಉಜ್ಜುತ್ತಿತ್ತು. ಕಣ್ಣೊರೆಸಿಕೊಂಡು ನೋಡಿದರೆ ಆ ಐದು ಸಾಲಿನ ಪುಟ. ‘ಉಸಿ’ ಎಂಬ ಎರಡಕ್ಷರ ಉಳಿದಿತ್ತು. ಮಿಕ್ಕದ್ದು ರಬ್ಬರಿನ ಕಪ್ಪು ಎಳೆಗಳಾಗಿ ನನ್ನ ಮಡಿಲಲ್ಲಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಅದು ಕೈತಪ್ಪು. ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಯಾವ ಸಾಲಿನಲ್ಲಿದೆ ಎಂದೂ ನೋಡಿಕೊಳ್ಳದೆ ಆ ಎರಡಕ್ಷರವನ್ನೂ ಅಳಿಸಿದೆ. ಅರ್ಧ ಉಳಿದರೆ ಯಾರು ಅಳಿಸಿದ್ದು ಎಂದು ಕೇಳುತ್ತಾರೆ. ಏನೂ ಉಳಿಯದಿದ್ದರೆ ಏನೂ ಇರಲೇ ಇಲ್ಲ ಎನ್ನಬಹುದು.

“ಸಿಕ್ತಾ?” ಮೇಷ್ಟ್ರ ಮಗಳು ಸ್ಟೂಲು ಎಳೆದುಕೊಂಡಳು. “ಎರಡು ವಾರದಿಂದ ಹುಡುಕ್ತಾನೇ ಇದ್ದೀರಿ. ಮೂವತ್ತು ವರ್ಷದಲ್ಲಿ ನೀವು ಒಂದು ಹಾಳೆ ಕಳೆದಿದ್ದಿಲ್ಲ ಅಂತ ಅಪ್ಪ ಹೇಳ್ತಿದ್ರು.”

ಚಿಕ್ಕವಳಿದ್ದಾಗ ಇದೇ ಮೇಜಿನಡಿ ಕೂತು, ನಾನು ಉದುರಿಸಿದ ರಬ್ಬರಿನ ಪುಡಿಯನ್ನು ಉಂಡೆ ಕಟ್ಟುತ್ತಿದ್ದವಳು. ಈಗ ಪರೀಕ್ಷೆಯ ಮೇಲೆ ಬಂದಿದ್ದಾಳೆ: ಮೂರು ಕಾರ್ಯಕ್ರಮ ನುಡಿಸಬೇಕು, ಮೂರನೆಯದು ಈ ಶನಿವಾರ. ಆಯ್ಕೆ ಸಮಿತಿಯವರು ಕಿವಿಗೊಡುವುದು ಆ ಐದು ಸಾಲಿಗೆ. ಒಪ್ಪಿದರೆ ಅಪ್ಪನ ಕುರ್ಚಿ ಅವಳದು, ಇಲ್ಲವಾದರೆ ಇನ್ನೊಬ್ಬರದು.

ಹಾಳೆಯನ್ನು ಮುಂದಕ್ಕೆ ತಳ್ಳಿದೆ. ಅವಳು ಬಹಳ ಹೊತ್ತು ನೋಡಿದಳು.

“‘ಉ’ ಸ್ವಲ್ಪ ದಪ್ಪ ಇದೆ.”

ನಾನು ಮೊಂಡು ಪೆನ್ಸಿಲ್ಲನ್ನು ಚೀಲದೊಳಕ್ಕೆ ಸರಿಸಿದೆ.

“ಕೈ ನಡುಗಿರ್ಬೇಕು ಪಾಪ,” ಎಂದಳು. “ಮೊದಲನೇ ಮಗು ಅಲ್ವಾ, ಹೆದರಿರ್ತಾರೆ. ಬೇರೇನೂ ಬರ್ದಿಲ್ವಲ್ಲ ಅತ್ತೆ? ಹಾಳೆ ತುಂಬ ಗೀಚಿದೀನಿ ಅಂತಿದ್ರು.”

“ಹಳೇ ಕಾಗದ. ಮಾಸಿದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ಮೇಜಿನ ಮೇಲಿದ್ದ ರಬ್ಬರಿಗೆ ಹೋಗಿ ಅದನ್ನು ಮುಚ್ಚಿತು. ಅವಳು ಗಮನಿಸಲಿಲ್ಲ. ಹಾಳೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು.

ಬುಧವಾರದ ತಾಲೀಮಿನಲ್ಲಿ ಅವಳ ಉಸಿರು ನಾಲ್ಕನೆಯ ಸಾಲಿನ ಮಧ್ಯದಲ್ಲೇ ಮುಗಿಯಿತು. ನಾದ ತೆಳ್ಳಗಾಗಿ, ಕೀರಲಾಗಿ, ಕಡಿಯಿತು.

“ಮೊದ್ಲೇ ಎಲ್ಲಾದ್ರೂ ಉಸಿರು ತಗೋಮ್ಮ,” ಎಂದರು ನಿರ್ದೇಶಕರು, ತಾಳದ ಕೋಲು ಇಳಿಸಿ. “ಕ್ಲಾರಿನೆಟ್ ಊದ್ತಿದ್ದೀಯ, ಮುತ್ತು ಹೆಕ್ಕೋಕೆ ಸಮುದ್ರಕ್ಕೆ ಇಳಿದಿಲ್ಲ.”

ಪಿಟೀಲಿನವರು ನಕ್ಕರು. ಪಕ್ಕದಲ್ಲಿದ್ದ ಮುದುಕ, ಬಸೂನ್ ನುಡಿಸುವವರು, ಅವಳ ಕಡೆ ಬಾಗಿದರು. “ನಿಮ್ಮಪ್ಪ ಮೂರನೇ ಸಾಲಲ್ಲೇ ತಗೋತಿದ್ರು ಅನ್ಸುತ್ತೆ ಕಣಮ್ಮ.”

“ಅನ್ಸುತ್ತೆ ಅಲ್ಲ ಸರ್. ಬರ್ದಿದೆ, ನೋಡಿ.”

ಅವರು ಕನ್ನಡಕ ಏರಿಸಿ ನೋಡಿದರು. ಇಪ್ಪತ್ತೈದು ವರ್ಷ ಆ ಉಸಿರಿನ ಪಕ್ಕದಲ್ಲೇ ಕೂತಿದ್ದ ಮನುಷ್ಯ. “ಬರ್ದಿದ್ರೆ ಸರಿ ಬಿಡು,” ಎಂದರು. “ನನಗೂ ಮರೆವು.”

ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ತಾಲೀಮಿನ ನಡುವೆ ಮಾತಾಡುವುದು ಸರಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಗುಮಾಸ್ತನಿಗೆ ಮೊಹರು ಒತ್ತುವುದು ಮುಖ್ಯವಾದ ಹಾಗೆ.

ಗುರುವಾರ ಅವಳು ಸಭಾಂಗಣದ ಮೆಟ್ಟಿಲನ್ನು ಉಸಿರು ಬಿಗಿಹಿಡಿದು ಹತ್ತುವುದನ್ನು ಕಂಡೆ. ಮೇಲೆ ಹೋಗಿ ಗೋಡೆಗೆ ಒರಗಿ ಏದುಸಿರು ಬಿಟ್ಟು, ಮತ್ತೆ ಇಳಿದು, ಮತ್ತೆ ಹತ್ತಿದಳು. ತುಟಿ ಒಡೆದಿತ್ತು. ಆ ಮಧ್ಯಾಹ್ನ ಮ್ಯಾನೇಜರ್ ನನ್ನ ಕೋಣೆಗೆ ಬಂದು, ಪುಸ್ತಿಕೆಯಲ್ಲಿ ಈ ಸಲ ಗುಮಾಸ್ತನ ಕಥೆ ಸಾಕು, ಅಪ್ಪ-ಮಗಳ ಕಥೆ ಹಾಕೋಣ, ಆ ಹಾಳೆಯ ಫೋಟೋ ಕೊಡಿ ಎಂದರು. “ಓದಿದವರು ಕಣ್ಣೊರೆಸ್ಕೋಬೇಕು ನೋಡಿ, ಹಾಗೆ ಬರೀರಿ. ನಿಮಗೆ ಅದು ನೀರು ಕುಡಿದ ಹಾಗೆ.” ಒಂದೇ ಒಂದು ವಾಕ್ಯ ಬರೆಯಲಿಕ್ಕೂ ನನ್ನಿಂದಾಗಲಿಲ್ಲ.

ಶುಕ್ರವಾರದ ಕೊನೆಯ ತಾಲೀಮಿನಲ್ಲಿ ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಅದೇ ಜಾಗದಲ್ಲಿ ಮುಗ್ಗರಿಸಿದಳು. ಹಿಂದಿನ ಸಾಲಿನಲ್ಲಿ ಸಮಿತಿಯವರೊಬ್ಬರು ಏನನ್ನೋ ಗುರುತು ಹಾಕಿಕೊಂಡರು.

ವಾದ್ಯಗಳ ಕೋಣೆಯಲ್ಲಿ ಅವಳು ಕ್ಲಾರಿನೆಟ್ಟಿನ ತುಂಡುಗಳನ್ನು ಒರೆಸುತ್ತ ಕೂತಿದ್ದಳು. ಸ್ವರಹಾಳೆ ಮಡಿಲಲ್ಲಿತ್ತು. ನಾನು ಬಾಗಿಲು ಹಾಕಿದೆ.

“ಅದು ನಿಮ್ಮಪ್ಪ ಬರೆದಿದ್ದಲ್ಲ,” ಎಂದೆ.

“ಯಾವುದು?”

“ನಾಲ್ಕನೇ ಸಾಲಿಂದು. ನಾನು ಬರೆದಿದ್ದು.”

ಅವಳು ನಗಲು ಹೋಗಿ ನಿಲ್ಲಿಸಿದಳು. “ಅಪ್ಪ ಬರೆದಿದ್ದು ಎಲ್ಲಿದೆ?”

“ಅಳಿಸಿಬಿಟ್ಟೆ.”

“ತಪ್ಪಿ?”

ಎಷ್ಟು ಸುಲಭದ ಬಾಗಿಲು. ಹೌದು ಎಂದರೆ ಸಾಕಿತ್ತು. ಅವಳು ನನ್ನನ್ನು ತಬ್ಬಿಕೊಂಡರೂ ತಬ್ಬಿಕೊಳ್ಳುತ್ತಿದ್ದಳು.

“ಮೊದಲು ತಪ್ಪಿ,” ಎಂದೆ. “ಅರ್ಧ ಉಳಿದಿತ್ತು. ಅದನ್ನ ಗೊತ್ತಿದ್ದೇ ಅಳಿಸಿದೆ. ನನ್ನ ಹೆಸರು ಬರುತ್ತೆ ಅಂತ.”

“ಎಲ್ಲಿತ್ತು?”

“ಸರಿಯಾಗಿ ನೆನಪಿಲ್ಲ. ಊಹೆ ಮೇಲೆ ಬರೆದೆ.”

ಬಟ್ಟೆಯನ್ನು ಅವಳು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. “ಮೂರು ದಿನದಿಂದ ನಾನು ನನ್ನ ಎದೆಗೂಡನ್ನ ಬೈಕೊಂಡಿದ್ದೀನಿ. ಅವರ ಮಗಳಾಗೋ ಯೋಗ್ಯತೆನೇ ಇಲ್ಲ ಅಂದ್ಕೊಂಡಿದ್ದೀನಿ.” ದನಿ ಏರಿರಲಿಲ್ಲ. “ನೀವು ಬಾಗಿಲಲ್ಲಿ ನಿಂತು ನೋಡ್ತಿದ್ರಿ.”

“ಹೌದು.”

ಅವಳು ಪೆಟ್ಟಿಗೆಯಿಂದ ತನ್ನದೊಂದು ಪೆನ್ಸಿಲ್ ತೆಗೆದು, ಕ್ಲಾರಿನೆಟ್ ಇಲ್ಲದೆಯೇ ಬೆರಳಾಡಿಸುತ್ತ ಐದು ಸಾಲನ್ನೂ ಮನಸ್ಸಿನಲ್ಲಿ ನುಡಿಸಿ ನೋಡಿದಳು. ಮೂರನೆಯ ಸಾಲಿನ ತುದಿಯಲ್ಲಿ ಒಂದು ಚಿಕ್ಕ ಗೀಟು ಎಳೆದಳು. ಅಕ್ಷರ ಬರೆಯಲಿಲ್ಲ. ಅದರ ಕೆಳಗೆ, ನಾಲ್ಕನೆಯ ಸಾಲಿನ ಕೊನೆಯಲ್ಲಿ, ನನ್ನ ದಪ್ಪ ‘ಉ’ ಹಾಗೆಯೇ ಇತ್ತು.

ನಾನು ಜೇಬಿನಿಂದ ರಬ್ಬರ್ ತೆಗೆದೆ. “ಕೊಡು, ಅದನ್ನ ತೆಗೆದುಬಿಡ್ತೀನಿ. ನಾಳೆ ನಿನ್ನ ಕಣ್ಣಿಗೆ ಬೀಳೋದು ಬೇಡ. ಸಮಿತಿಯವರಿಗೂ ನಾನೇ ಹೋಗಿ ಹೇಳ್ತೀನಿ.”

ಅವಳು ಹಾಳೆಯ ಮೇಲೆ ಅಂಗೈ ಊರಿದಳು.

“ಬೇಡ.”

“ಒಂದು ನಿಮಿಷದ ಕೆಲಸ, ಗುರುತೇ ಉಳಿಯಲ್ಲ—”

“ಬೇಡ ಅಂದ್ನಲ್ಲ. ಅಳಿಸಿದ್ದು ಸಾಕು. ಮುಟ್ಬೇಡಿ.”