ಕಪ್ಪು ಚಿಟ್ಟೆ

ನಸಾರಿಯಾ ಕಪ್ಪು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕತ್ತರಿ ಇಡುವಷ್ಟರಲ್ಲಿ ಮಗಳು ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು. ಎಳೆಯಲಿಲ್ಲ, ಬಿಡಲೂ ಇಲ್ಲ.

"ಕಪ್ಪು ಬೇಡಮ್ಮ," ಅಂದಳು ದೆಯಾನಿರಾ.

"ಬಿಡೇ. ಕತ್ತರಿ ಕೈಗೆ ತಾಗುತ್ತೆ."

"ತಾಗಲಿ."

ಅವರ ಹಿಂದೆ, ಚರ್ಚಿನಿಂದ ತಂದ ಎರಡು ಬೆಂಚುಗಳ ಮೇಲೆ, ಪೆಟ್ಟಿಗೆ ಇತ್ತು. ಬೆಳಿಗ್ಗೆ ನೌಕಾಪಡೆಯ ದೋಣಿಯಲ್ಲಿ ಬಂದದ್ದು. ಮುಚ್ಚಳದ ಸುತ್ತ ಸ್ಕ್ರೂ ಬಿಗಿದು ಮೇಲೆ ಅಂಟುಪಟ್ಟಿ ಸುತ್ತಿದ್ದರು. ತೆರೆಯಬೇಡಿ, ಇವತ್ತೇ ಮಣ್ಣು ಮಾಡಿ ಎಂದು ಹೇಳಿಹೋಗಿದ್ದರು. ಒಳಗಿರುವುದು ಲೂಸೆನಿ ಎಂದು ಹೇಳಿದವರೂ ಅವರೇ. ಲೂಸೆನಿ, ದೆಯಾನಿರಾಳ ಒಬ್ಬಳೇ ಮಗಳು, ಹದಿಮೂರು ವರ್ಷದವಳು. ಈಸ್ಟರ್ ಕಳೆದ ಮೇಲೆ ಒಂದು ಸಂಜೆ ಶಾಲೆಯಿಂದ ಬರುತ್ತಿದ್ದವಳನ್ನು ಕಾಡಿನಲ್ಲಿ ಬಂದೂಕು ಹಿಡಿದವರು ದೋಣಿಗೆ ಹತ್ತಿಸಿಕೊಂಡು ಹೋದರು. ಹೋದ ವಾರ ಮೇಲಿನ ಹೊಳೆಯಲ್ಲಿ ಅವರ ಬಿಡಾರದ ಮೇಲೆ ಸರ್ಕಾರದ ವಿಮಾನಗಳು ಬಾಂಬು ಹಾಕಿದವು. ಹೋಗುವಾಗ ಅವಳ ಬೆನ್ನಿಗೆ ಶಾಲೆಯ ಚೀಲವಿತ್ತು. ಬರುವಾಗ ಪೆಟ್ಟಿಗೆ ಮಾತ್ರ.

ದೊಡ್ಡವರು ಸತ್ತರೆ ಬೊಕಾ ಮನ್ಸಾ ಊರಿನಲ್ಲಿ ಗೋಡೆಗೆ ಬಿಳಿ ಹೊದಿಕೆ ಕಟ್ಟಿ, ನಡುವೆ ಕಪ್ಪು ಬಟ್ಟೆಯ ಚಿಟ್ಟೆ ಚುಚ್ಚುತ್ತಾರೆ. ಡೋಲು ಮುಟ್ಟುವುದಿಲ್ಲ, ಹೆಂಗಸರು ಬರಿಗಂಟಲಲ್ಲಿ ಶೋಕದ ಪದ ಹಾಡುತ್ತಾರೆ. ಮಗು ಸತ್ತರೆ ಕಪ್ಪು ಕಾಣಕೂಡದು. ಬಣ್ಣದ ಕಾಗದದ ಹೂವು, ಡೋಲು, ಆಟ. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದ ಧರ್ಮದಪ್ಪನೇ ಅದನ್ನು ಮತ್ತೆ ಎತ್ತಿಕೊಂಡು ಕುಣಿಯಬೇಕು. ತಾಯಿ ಅಳುವಂತಿಲ್ಲ, ಕಣ್ಣೀರು ಬಿದ್ದರೆ ದೇವದೂತನಾದ ಮಗುವಿನ ರೆಕ್ಕೆ ಒದ್ದೆಯಾಗಿ ಮೇಲಕ್ಕೆ ಏಳಲಾರದು. ಮಗು ಎಂದರೆ ಏಳು ವರ್ಷದವರೆಗೆ. ಈ ಗೆರೆಯನ್ನು ಇಷ್ಟು ಕಾಲ ಕಾದವಳು ನಸಾರಿಯಾ. ನದಿಯ ಎರಡೂ ದಡದಲ್ಲಿ ಯಾರು ಸತ್ತರೂ ಅವಳು ಹೋಗಿ ಹಾಡಬೇಕು, ಅವಳು ಹೇಳಿದಂತೆ ನಡೆಯಬೇಕು.

"ಏಳು ದಾಟಿದ ಮೇಲೆ ಮಗು ಅಲ್ಲ ಕಣೇ," ಎಂದಳು ಮೂಲೆಯಲ್ಲಿ ಕೂತಿದ್ದ ಮುದುಕಿ ಪ್ರಿಮಿತಿವಾ. ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟುಕೊಂಡು ಸೇದುವ ಹಳೆಯ ಕಾಲದವಳು. "ಹದಿಮೂರಕ್ಕೆ ನಾನು ಗಂಡನಿಗೆ ಬೇಯಿಸಿ ಹಾಕ್ತಿದ್ದೆ."

"ನೀನು ಬೇಯಿಸಿದ್ದು ತಿಂದೇ ಅಲ್ವಾ ಅವನು ಬೇಗ ಹೋಗಿದ್ದು," ಎಂದಿತು ಬಾಗಿಲಲ್ಲಿದ್ದ ಒಂದು ಹೆಣ್ಣು ದನಿ. ಯಾರೋ ನಗಲು ಹೋಗಿ, ಪೆಟ್ಟಿಗೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು.

ದೆಯಾನಿರಾ ತಾಯಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. "ಅವಳಿನ್ನೂ ದೊಡ್ಡೋಳಾಗಿರಲಿಲ್ಲ. ಹಿಂದಿನ ಹಾಲುಹಲ್ಲೊಂದು ಅಲ್ಲಾಡ್ತಿತ್ತು. ದಾರ ಕಟ್ಟಿ ಕೀಳಜ್ಜಿ ಅಂತ ನಿನ್ನ ಹತ್ರಾನೇ ಬಂದಿದ್ಲು."

"ಗೊತ್ತು."

"ಗೊತ್ತಿದ್ದೂ?"

"ಪದ್ಧತಿ ಪದ್ಧತೀನೇ. ಇವತ್ತು ನನ್ನ ಮೊಮ್ಮಗಳು ಅಂತ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ."

"ಸರಿ ಬಿಡು. ನಿನ್ನ ಅಧ್ಯಕ್ಷಂದೂ ಅದೇ ಮಾತು. ಆ ಬಿಡಾರದಲ್ಲಿ ಮಕ್ಕಳೇ ಇರಲಿಲ್ಲವಂತೆ."

"ಅವನು ಹೇಳಿದ್ದಲ್ಲ ಅದು. ರೇಡಿಯೋದಲ್ಲಿ ಜನರಲ್ ಹೇಳಿದ್ದು."

"ಜನರಲ್‌ಗೆ ಹೇಳಿದ್ದು ಯಾರಮ್ಮ?"

ನಸಾರಿಯಾ ತನ್ನ ಕಡೆಯ ತುದಿಗೆ ಕತ್ತರಿ ಹಾಕಿ ಒಂದು ರೆಕ್ಕೆ ಕತ್ತರಿಸತೊಡಗಿದಳು. ಅವಳ ಬಳಿ ಎರಡು ವರ್ಷದಿಂದ ಬರೀ ಉತ್ತರಗಳೇ ಇದ್ದವು.

ದೇಶದ ಅಧ್ಯಕ್ಷಗಿರಿಗೆ ನಿಂತಿದ್ದವನು ಚುನಾವಣೆಯ ಹೊತ್ತಿಗೆ ಬಂದರಿನ ಪಟ್ಟಣಕ್ಕೆ ಬಂದಾಗ ವೇದಿಕೆ ಹತ್ತಿ ಹಾಡಿದವಳು ಅವಳೇ. ಪದ ಕಟ್ಟಿದವಳೂ ಅವಳೇ:

ಬಂದೂಕಿಗೆ ತುಕ್ಕು ಬರಲಿ, ದೋಣಿಗೆ ಹುಟ್ಟು ಸಿಗಲಿ,
ಕಾಡಿಗೆ ಹೋದ ಮಕ್ಕಳು ಊಟದ ಹೊತ್ತಿಗೆ ಬರಲಿ.

ಹಿಂದೆ ನಿಂತು "ಬರಲಿ, ಬರಲಿ" ಎಂದು ದನಿಗೂಡಿಸಿದ ಹುಡುಗಿಯರಲ್ಲಿ ಲೂಸೆನಿಯೂ ಇದ್ದಳು, ಅಮ್ಮನ ಬಿಳಿ ರವಿಕೆಗೆ ಪಿನ್ನು ಹಾಕಿ ಬಿಗಿ ಮಾಡಿಕೊಂಡು. ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದ. ಬಾಂಬು ಹೊತ್ತ ವಿಮಾನಗಳನ್ನು ಮೊದಲ ದಿನವೇ ನೆಲಕ್ಕಿಳಿಸುತ್ತೇನೆ ಎಂದಿದ್ದ. ಮತದಾನದ ದಿನ ನಸಾರಿಯಾ ಮಳೆಯಲ್ಲಿ ಮೇಲಿನ ಹೊಳೆಯವರೆಗೂ ಹೋಗಿ ಜನರನ್ನು ದೋಣಿಗೆ ತುಂಬಿಕೊಂಡು ಬಂದಳು. ಪ್ರಿಮಿತಿವಾಳನ್ನು ಕುರ್ಚಿ ಸಮೇತ ಎತ್ತಿ ತಂದಳು.

ವಿಮಾನಗಳು ಇಳಿದವು ಕೂಡ. ಒಂದು ಮಳೆಗಾಲ ಆಕಾಶದಲ್ಲಿ ಹದ್ದು ಬಿಟ್ಟರೆ ಏನೂ ಹಾರಲಿಲ್ಲ. ಆಮೇಲೆ ದೂರದ ಯಾವುದೋ ನದಿಯಲ್ಲಿ ಬಾಂಬು ಬಿತ್ತು. ಹಳೆಯ ಆದೇಶವಿರಬೇಕು ಎಂದಳು ನಸಾರಿಯಾ. ಎರಡನೆಯದು ಬಿದ್ದಾಗ, ಅವನಿಗೆ ಗೊತ್ತಿಲ್ಲದೆ ಮಾಡಿದ್ದಾರೆ. ಮೂರನೆಯದಕ್ಕೆ, ಒಬ್ಬನೇ ಮನುಷ್ಯ, ಸುತ್ತ ಹಾವುಗಳು, ಏನು ಮಾಡಿಯಾನು. ಊರವರು ಅವಳನ್ನು ಬಿಡಲಿಲ್ಲ. ಮೇಲೆ ವಿಮಾನದ ಸದ್ದು ಕೇಳಿದರೆ ಸಾಕು, ಬಟ್ಟೆ ಒಗೆಯುವ ಹೆಂಗಸರು ತಲೆಯೆತ್ತಿ ಕೂಗುತ್ತಿದ್ದರು: "ನಸಾರಿಯಕ್ಕಾ, ನಿನ್ನ ಅಳಿಯ ಬಂದ ನೋಡು! ಕಾಫಿಗಿಡು!" ಅವಳೂ ನಗುತ್ತಿದ್ದಳು. ಬಾಂಬು ಬಿದ್ದ ಸುದ್ದಿ ಬಂದಂದಿನಿಂದ ಯಾರೂ ಕೂಗಲಿಲ್ಲ.

ಹೊರಗೆ ಮೋಟಾರು ದೋಣಿಯ ಸದ್ದು ನಿಂತಿತು. ಎವೆಲಿಯೊ ಬಂದ.

ಅವನು ಇದೇ ಊರಿನವನು, ಲೂಸೆನಿಯ ಧರ್ಮದಪ್ಪ. ಚುನಾವಣೆಯಲ್ಲಿ ನಸಾರಿಯಾಳ ಜೊತೆ ದೋಣಿಯಲ್ಲಿ ಓಡಾಡಿದವನು. ಗೆದ್ದ ಮೇಲೆ ಸರ್ಕಾರದವರು ಅವನನ್ನು ಬಂದರಿನ ಕಚೇರಿಯಲ್ಲಿ ಕೂರಿಸಿದ್ದರು. ಮೈಮೇಲೆ ಸರ್ಕಾರದ ಲಾಂಛನದ ಅಂಗಿ, ಕಾಲಿಗೆ ಕೆಸರು ಕಾಣದ ಹೊಸ ಬೂಟು. ಒಳಗೆ ಬಂದವನೇ ಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟು ಗಟ್ಟಿಯಾಗಿ ಅತ್ತ. ನಾಟಕವಲ್ಲ. ಹೆಂಗಸರು ದಾರಿ ಬಿಟ್ಟುಕೊಟ್ಟರು. ಯಾರೋ ಕೈಗೆ ಕಬ್ಬಿನ ಸಾರಾಯಿ ಕೊಟ್ಟರು.

"ನಸಾರಿಯಕ್ಕ," ಎಂದ ಮೂಗು ಒರೆಸಿಕೊಂಡು, "ಅಧ್ಯಕ್ಷರಿಗೆ ವಿಷಯ ಗೊತ್ತಾಗಿದೆ. ನಿನ್ನ ಮೊಮ್ಮಗಳು ಅಂತ. ನಿದ್ದೇನೇ ಮಾಡಿಲ್ಲವಂತೆ."

"ಗೊತ್ತಾಯ್ತಾ ಅವನಿಗೆ?" ನಸಾರಿಯಾ ಥಟ್ಟನೆ ತಲೆಯೆತ್ತಿದಳು. "ಮೊದಲೇ ಗೊತ್ತಿರಲಿಲ್ಲ ಅಲ್ವಾ? ನಾನು ಹೇಳಲಿಲ್ವೇನೆ?" ಎಂದು ಮಗಳ ಕಡೆ ತಿರುಗಿದಳು. ದೆಯಾನಿರಾ ಬಟ್ಟೆಯ ತುದಿ ಬಿಟ್ಟು ಪೆಟ್ಟಿಗೆಯ ಬಳಿ ಹೋಗಿ ನಿಂತಳು.

"ಇವತ್ತು ಮಧ್ಯಾಹ್ನ ನಿನಗೆ ಫೋನ್ ಮಾಡ್ತಾರೆ," ಎಂದ ಎವೆಲಿಯೊ. "ಖುದ್ದು ಅವರೇ. ನಿನ್ನ ಹೊಟ್ಟೇಲಿರೋದೆಲ್ಲ ಹೇಳು. ಹಳೇ ಅಧ್ಯಕ್ಷರು ಯಾರಾದ್ರೂ ಫೋನ್ ಮಾಡಿದ್ರಾ ಇಲ್ಲಿಗೆ? ಊರಿನ ಹೆಸರಾದ್ರೂ ಗೊತ್ತಿತ್ತಾ?"

ಅದು ನಿಜ. ವಾರದಿಂದ ನಸಾರಿಯಾ ಬಾಳೆಕಾಯಿ ಸುಲಿಯುವಾಗ, ಮೀನು ಉಜ್ಜುವಾಗ, ಒಂದೇ ಮಾತನ್ನು ತಿರುವಿ ಹಾಕುತ್ತಿದ್ದಳು. ಅವನು ಎದುರಿಗೆ ಸಿಕ್ಕರೆ ಕೇಳಬೇಕು. ಊಟದ ಹೊತ್ತಿಗೆ ಬರಲಿ ಅಂತ ಹಾಡಿದಾಗ ಅತ್ತೆಯಲ್ಲಪ್ಪ, ಯಾತಕ್ಕೆ ಅತ್ತೆ? ಇಷ್ಟೇ. ಅವನು ಉತ್ತರ ಹೇಳುತ್ತಾನೆ. ಆ ಉತ್ತರ ಕೇಳಿದರೆ ತಾನು ಬದುಕಬಹುದು ಎಂದು ಅವಳಿಗೆ ಅನಿಸಿತ್ತು.

"ಹೇಳಿ ಏನು ಮಾಡ್ಬೇಕು?" ಎಂದಳು ದೆಯಾನಿರಾ. "ಒಂಬತ್ತನೇ ದಿನದ ಕೊನೇ ಪ್ರಾರ್ಥನೆಗೆ ಅವನು ಹೆಲಿಕಾಪ್ಟರಲ್ಲಿ ಬಂದು ಕೂತ್ಕೊತಾನೆ, ನಮ್ಮಮ್ಮ ಹಾಡ್ತಾಳೆ. ಅಷ್ಟೇ ತಾನೆ?"

"ಬರ್ತೀನಿ ಅಂತಾನೂ ಅಂದಿದಾರೆ," ಎಂದ ಎವೆಲಿಯೊ ತಗ್ಗಿದ ದನಿಯಲ್ಲಿ. "ಅದರಲ್ಲಿ ತಪ್ಪೇನಮ್ಮಾ? ಎಲ್ಲಾ ಕಡೆ ಅವರನ್ನು ಕಿತ್ತು ತಿಂತಿದಾರೆ, ಮಕ್ಕಳನ್ನ ಕೊಂದ, ಮಕ್ಕಳನ್ನ ಕೊಂದ ಅಂತ. ಬಿಡಾರದಲ್ಲಿದ್ದೋರ ಕೈಲಿ ಬಂದೂಕಿತ್ತಲ್ಲ? ಅಧ್ಯಕ್ಷರೇನು ಮಾಡಬೇಕಿತ್ತು?" ಗೋಡೆಯ ಬಿಳಿ ಹೊದಿಕೆಯ ಮೇಲೂ ನಸಾರಿಯಾಳ ತೊಡೆಯ ಮೇಲಿನ ಕಪ್ಪು ಬಟ್ಟೆಯ ಮೇಲೂ ಅವನ ಕಣ್ಣು ಹೋಯಿತು. "ನೋಡು, ನಸಾರಿಯಕ್ಕಾನೇ ಚಿಟ್ಟೆ ಕತ್ತರಿಸ್ತಿದಾಳೆ. ನಮ್ಮ ಪದ್ಧತೀಲೂ ಅಷ್ಟೇ ಅಲ್ವಾ. ಏಳು ದಾಟಿದ ಮೇಲೆ ಮಗು ಅಲ್ಲ. ಇದನ್ನೇ ಅವರಿಗೆ ಹೇಳಕ್ಕ. ನೀನು ಹೇಳಿದ್ರೆ ದೇಶ ಕೇಳುತ್ತೆ."

ಪ್ರಿಮಿತಿವಾ ಬಾಯಿಂದ ಚುಟ್ಟಾ ತೆಗೆದಳು.

ನಸಾರಿಯಾ ಕತ್ತರಿಯನ್ನು ನೋಡುತ್ತ ಕೂತಳು. ಚಿಟ್ಟೆಯ ಒಂದು ರೆಕ್ಕೆ ಆಗಿತ್ತು. ಅದನ್ನು ಮಡಚಿದಳು, ಮತ್ತೆ ಮಡಚಿದಳು, ಚಿಕ್ಕದು ಮಾಡಿ ರವಿಕೆಯೊಳಗೆ ಸಿಕ್ಕಿಸಿಕೊಂಡಳು. ಎದ್ದು ಮಂಚದ ಕೆಳಗೆ ಕೈ ಹಾಕಿ ಕಾಗದದ ಸುರುಳಿಯೊಂದನ್ನು ಎಳೆದಳು. ಚುನಾವಣೆಯಲ್ಲಿ ಅಂಟಿಸಿ ಉಳಿದ ಪೋಸ್ಟರುಗಳು. ಹಳದಿ, ನೇರಳೆ; ನಡುವೆ ಅಧ್ಯಕ್ಷನ ಮುಖ. ಜಿರಲೆ ತಿನ್ನದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದಳು.

"ಅಕ್ಕಾ, ಏನಿದು," ಎಂದ ಎವೆಲಿಯೊ.

"ಊರಲ್ಲಿ ಬಣ್ಣದ ಕಾಗದ ಇನ್ನೆಲ್ಲಿದೆ?" ಎಂದು ಅವಳು ಸುರುಳಿಯನ್ನು ಹೆಂಗಸರ ನಡುವೆ ಹಾಕಿದಳು. "ಕತ್ತರಿಸಿ. ಪ್ರಿಮಿತಿವಾ, ನಿನಗೆ ಗುಲಾಬಿ ಮಾಡಕ್ಕೆ ಬರುತ್ತೆ. ಡೋಲಿನೋನಿಗೆ ಹೇಳಿಕಳಿಸಿ."

"ಹದಿಮೂರು ಕಣೇ," ಎಂದಳು ಪ್ರಿಮಿತಿವಾ, ಆದರೆ ಕತ್ತರಿಗಾಗಿ ಕೈ ಚಾಚುತ್ತಲೇ.

"ಹೌದು. ಹದಿಮೂರು."

ಎವೆಲಿಯೊ ಇನ್ನೇನೋ ಹೇಳಲು ಹೊರಟ. ನಸಾರಿಯಾ ತಡೆದಳು. "ನೀನು ಧರ್ಮದಪ್ಪ. ಪೆಟ್ಟಿಗೆಯ ಮೊದಲ ಮೂಲೆ ನಿಂದು. ಬೂಟು ಬಿಚ್ಚು."

ಸ್ಮಶಾನ ಊರ ಹಿಂದಿನ ದಿಬ್ಬದ ಮೇಲಿದೆ. ನದಿ ಎಷ್ಟು ಉಕ್ಕಿದರೂ ಸತ್ತವರಿಗೆ ನೀರು ಮುಟ್ಟಬಾರದೆಂದು ಹಿಂದಿನವರು ಅಲ್ಲಿ ಮಾಡಿದ್ದು. ಈಗ ಬೊಕಾ ಮನ್ಸಾದಲ್ಲಿ ಫೋನಿಗೆ ಸಿಗ್ನಲ್ ಸಿಗುವುದೂ ಅಲ್ಲಿ ಮಾತ್ರ. ಪಟ್ಟಣಕ್ಕೆ ಹೋದ ಗಂಡನ ಜೊತೆ ಜಗಳವಾಡುವವರು, ಮೀನಿನ ದರ ಕೇಳುವವರು, ಎಲ್ಲರೂ ಶಿಲುಬೆಗಳ ನಡುವೆ ನಿಂತೇ ಕೂಗಾಡಬೇಕು.

ಗುಂಡಿ ತೋಡಿ ಆಗಿತ್ತು. ಆದರೆ ಮಣ್ಣಿಗಿಡುವ ಮೊದಲು ಮಗುವನ್ನು ತೊಟ್ಟಿಲಲ್ಲಿಟ್ಟಂತೆ ತೂಗಬೇಕು. ಪುಟ್ಟ ಪೆಟ್ಟಿಗೆಯಾದರೆ ಕೈಯಿಂದ ಕೈಗೆ ದಾಟಿಸುತ್ತ ವೃತ್ತದಲ್ಲಿ ಕುಣಿಯುತ್ತಾರೆ. ಇದು ದೊಡ್ಡವರ ಅಳತೆಯ ಪೆಟ್ಟಿಗೆ. ಎಂಟು ಜನ ಹಿಡಿದರು. ಎವೆಲಿಯೊ ಬರಿಗಾಲಲ್ಲಿ ಮುಂದಿನ ಬಲ ಮೂಲೆಗೆ ನಿಂತ, ನಸಾರಿಯಾ ಎಡಕ್ಕೆ. ಡೋಲು ಬಡಿಯಿತು. ನಸಾರಿಯಾ ದನಿ ತೆಗೆದಳು: ಯಾರ ಮನೆಯ ತೊಟ್ಟಿಲು ಇದು, ಯಾರ ಕೈಗೆ ಕೊಡಲಿ. ಹೆಂಗಸರು ಮರುದನಿ ಕೊಟ್ಟರು. ಪೆಟ್ಟಿಗೆ ಒಮ್ಮೆ ಅತ್ತ ಹೋಯಿತು, ಒಮ್ಮೆ ಇತ್ತ ಬಂತು. ಒಳಗೆ ಏನೋ ಜಾರಿ ಹಲಗೆಗೆ ತಾಗಿತು. ಯಾರೂ ಮುಖ ನೋಡಿಕೊಳ್ಳಲಿಲ್ಲ. ಡೋಲಿನವನು ಇನ್ನಷ್ಟು ಜೋರಾಗಿ ಬಡಿದ. ಮುಚ್ಚಳದ ಮೇಲೆ ಹಳದಿ ನೇರಳೆ ಗುಲಾಬಿಗಳು ನಡುಗುತ್ತಿದ್ದವು. ಒಂದರ ಎಸಳಲ್ಲಿ ಅರ್ಧ ಕನ್ನಡಕವಿತ್ತು.

ದೆಯಾನಿರಾ ಗುಂಡಿಯ ಅಂಚಿನಲ್ಲಿ ನಿಂತಿದ್ದಳು. ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಅಳಲಿಲ್ಲ.

ಎರಡನೆಯ ಸುತ್ತಿನಲ್ಲಿ ಎವೆಲಿಯೊನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವನು ಕೇಳಿಸದವನಂತೆ ಇನ್ನೆರಡು ಹೆಜ್ಜೆ ಕುಣಿದ. ಅದು ನಿಲ್ಲಲಿಲ್ಲ. ಮೊದಲು ಒಂದು ಕೈ ಬಿಟ್ಟ, ಆಮೇಲೆ ಇನ್ನೊಂದು. ಮೂಲೆ ಕೆಳಗೆ ವಾಲಿತು. ದೆಯಾನಿರಾ ಓಡಿಬಂದು ಅದಕ್ಕೆ ಹೆಗಲು ಕೊಟ್ಟಳು. ತಾಯಿ ತೂಗಬಾರದು ಎಂದು ಪ್ರಿಮಿತಿವಾ ಕೂಡ ಹೇಳಲಿಲ್ಲ.

"ಹೌದು ಸಾರ್. ಇಲ್ಲೇ ಇದಾರೆ ಸಾರ್. ಒಂದು ನಿಮಿಷ ಸಾರ್."

ಡೋಲು ನಿಂತಿತು. ಎವೆಲಿಯೊ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ತಂದವನ ಹಾಗೆ ನಸಾರಿಯಾಳ ಮುಂದೆ ಬಂದ.

"ಅಕ್ಕಾ, ಅವರೇ."

"ನನ್ನ ಕೈ ನೋಡು."

"ಕೈ ಬೇಡಕ್ಕ. ನಾನೇ ಕಿವಿ ಹತ್ರ ಹಿಡೀತೀನಿ. ಹಲೋ ಅಂದ್ರೆ ಸಾಕು. ಬೈದ್ರೂ ಸರಿ, ಕೇಳಿಸ್ಕೋತಾರೆ. ನಿನ್ನ ಹೊಟ್ಟೇಲಿರೋದನ್ನ ಕೇಳ್ಬಿಡು."

ಫೋನಿನಿಂದ ಸಣ್ಣ ದನಿ ಬಂತು. ಅದೇ ದನಿ, ಬಂದರಿನ ವೇದಿಕೆಯ ಮೇಲೆ, ಧ್ವನಿವರ್ಧಕದಲ್ಲಿ, ನದಿಯ ಆಚೆ ದಡಕ್ಕೂ ಕೇಳಿದ್ದ ದನಿ. ಈಗ ಸೊಳ್ಳೆಯಷ್ಟಾಗಿ "ಅಮ್ಮಾ ನಸಾರಿಯಾ? ಅಮ್ಮಾ?" ಎಂದು ಕರೆಯುತ್ತಿತ್ತು. ಎಂಟು ಜನರ ತೋಳುಗಳಲ್ಲಿ ಪೆಟ್ಟಿಗೆ ಇನ್ನೂ ಸ್ವಲ್ಪ ಸ್ವಲ್ಪವೇ ತೂಗುತ್ತಿತ್ತು. ಎವೆಲಿಯೊ ಫೋನನ್ನು ಅವಳ ಕಿವಿಯ ಹತ್ತಿರ ತಂದ, ಇನ್ನೂ ಹತ್ತಿರ ತಂದ.

ನಸಾರಿಯಾ ಮುಖವನ್ನು ಪೆಟ್ಟಿಗೆಯ ಕಡೆ ತಿರುಗಿಸಿದಳು.

"ಒಲ್ಲೆ," ಎಂದಳು.